ಕಾಶೀಂಸಾಬ ಆರಿಸಿದ ಗಾಲಿಗಳು

ಕಾಶೀಂಸಾಬ ಗಜೇಂದ್ರಗಡದ ನೇಕಾರರ ಮನೆಯ ಮಗ. ಅವನಪ್ಪ ಜಂಗ್ಲಿಸಾಬ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಊಟದ ಹೊತ್ತಿಗೇ ಮೇಲೇಳುವವನು. ಮಗನಿಗೆ ಒಂದೇ ಕಡೆ ಕೂರುವುದು ಒಗ್ಗಲಿಲ್ಲ. ಮೀಸೆ ಚಿಗುರುವ ಹೊತ್ತಿಗೆ ಮನೆಯಲ್ಲಿ ಹೇಳದೆ ಮಿಲಿಟರಿ ಸೇರಿದ. ಆಸಾಮದ ಕಡೆಯ ಕೆಸರು ದಾರಿಗಳಲ್ಲಿ ಲಾರಿ ಹೊಡೆಯುವುದನ್ನು ಕಲಿತು, ಯುದ್ಧ ಮುಗಿದ ಮೇಲೆ ಒಂದು ಕಂಬಳಿ ಮತ್ತು ಲೈಸೆನ್ಸು ಹಿಡಿದುಕೊಂಡು ಊರಿಗೆ ಬಂದ. ಆಗ ಈ ಸೀಮೆಯಲ್ಲಿ ಲಾರಿ ಹೊಡೆಯಬಲ್ಲವರು ಕಡಿಮೆ. ಅವನು ಖಾಲಿ ಕೂರಬೇಕಾಗಲಿಲ್ಲ.

ನರಗುಂದದ ಅಂದಾನೆಪ್ಪನದು ಒಂದು ಸಣ್ಣ ನಾಟಕ ಕಂಪನಿ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಲಾರಿಯೊಂದನ್ನು ಅವನು ಕೊಂಡಿದ್ದ. ಅದರ ಜೊತೆಗೆ ಎರಡು ಗಾಲಿಯ ಒಂದು ಟ್ರೇಲರೂ ಬಂದಿತ್ತು. ಲಾರಿಯಲ್ಲಿ ಪರದೆ, ತಗಡು, ಕಂಬ, ಗಂಡಸರು. ಟ್ರೇಲರಿನ ಮೇಲೆ ಬಡಿಗನಿಂದ ಹಲಗೆಯ ಗೋಡೆ ಕಟ್ಟಿಸಿ, ಮೇಲೆ ತಗಡು ಹೊದಿಸಿ, ಎರಡೂ ಬದಿಗೆ ಸಣ್ಣ ಕಿಟಕಿ ಬಿಡಿಸಿದ್ದ. ಕಂಪನಿಯವರು ಅದನ್ನು ಡಬ್ಬಿ ಎನ್ನುತ್ತಿದ್ದರು. ಅದು ಹೆಣ್ಣುಮಕ್ಕಳ ಮನೆ. ನಾಟಕದ ಹೆಂಗಸರಿಗೆ ಯಾವ ಊರಿನಲ್ಲೂ ಬಾಡಿಗೆಗೆ ಒಂದು ಖೋಲಿ ಸಿಗುತ್ತಿರಲಿಲ್ಲ. ಧರ್ಮಶಾಲೆಯವರೂ ಬಾಗಿಲು ಮುಂದೆ ಮಾಡುತ್ತಿದ್ದರು. ಡಬ್ಬಿ ಬಂದ ಮೇಲೆ ಅವರು ಯಾರ ಮುಂದೆಯೂ ಕೈಮುಗಿದು ನಿಲ್ಲಬೇಕಾಗಲಿಲ್ಲ. ಮುಖ್ಯ ಪಾತ್ರ ಮಾಡುವ ಮಾನವ್ವ ಒಳಗೋಡೆಗೆ ಕನ್ನಡಿ ಬಡಿದುಕೊಂಡಿದ್ದಳು. ಅದರ ಕೆಳಗೊಂದು ಸಣ್ಣ ಹಲಗೆಯ ಬಡು ಮಾಡಿಸಿ ತನ್ನ ದೇವರನ್ನೂ ಇಟ್ಟುಕೊಂಡಿದ್ದಳು.

ಕಾಶೀಂಸಾಬ ಡ್ರೈವರನಾಗಿ ಸೇರಿದ ಮರುವರ್ಷ ಮದುವೆಯಾಯಿತು. ಹುಡುಗಿ ಅವನ ತಾಯಿಯ ತಂಗಿ ಖಾಜಾಬಿಯ ಮಗಳು ರಾಜಮಾ. ನಾಟಕದವರ ಜೊತೆ ಅಲೆಯುವವನಿಗೆ ಮಗಳನ್ನು ಕೊಡಲು ಖಾಜಾಬಿಗೆ ಮನಸ್ಸಿರಲಿಲ್ಲ. ರಾಜಮಾಳೇ ಹಟ ಹಿಡಿದಳು. ಓಣಿಯ ಮೂಲೆಯ ಬಾವಿಯಿಂದ ಆಚೆಗೆ ಹೋಗಿರದ ಹುಡುಗಿಗೆ ಹೊಳೆಆಲೂರಿನ ರೈಲು, ಮಲಪ್ರಭೆಯ ನೀರು, ನರಗುಂದದ ಗುಡ್ಡ ನೋಡುವ ಆಸೆ. ಅವಳು ಕಂಪನಿಯ ಅಡುಗೆಯ ಕೆಲಸಕ್ಕೆ ನಿಂತಳು. ಮಗಳು ಮುನೀರಾ ಹುಟ್ಟಿದ್ದು ರೋಣದ ಮೊಕ್ಕಾಮಿನಲ್ಲಿ, ಅದೇ ಡಬ್ಬಿಯೊಳಗೆ. ಹೊರಗೆ ನಾಟಕ ನಡೆದಿತ್ತು. ತನ್ನ ಪಾತ್ರವಿಲ್ಲದ ಪ್ರವೇಶದಲ್ಲಿ ಮಾನವ್ವ ಬಣ್ಣದ ಮುಖದಲ್ಲೇ ಓಡಿಬಂದು ಕೂಸನ್ನು ಕೈಗೆ ತೆಗೆದುಕೊಂಡಿದ್ದಳು.

ಡಬ್ಬಿಯ ಮೂಲ ಟೈರುಗಳು ಬೋಳಾಗಿ ಒಳಗಿನ ದಾರ ಕಾಣತೊಡಗಿದಾಗ ಬೇರೆ ಜೋಡಿ ತರುವ ಕೆಲಸ ಕಾಶೀಂಸಾಬನ ಮೇಲೆ ಬಿತ್ತು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಬಳಿ ನಜೀರಸಾಬ ಎಂಬವನು ಹಳೆಯ ಟೈರುಗಳ ಅಂಗಡಿ ಇಟ್ಟಿದ್ದ. ಅವನೂ ಮಿಲಿಟರಿಯಲ್ಲಿದ್ದು ಬಂದವನೇ. ಇಬ್ಬರೂ ಸೇರಿದರೆ ಆಸಾಮದ ಮಳೆಯ ಮಾತೇ ಮಾತು. ನಜೀರಸಾಬ ರಾಶಿಯ ಮೇಲಿಂದ ಒಂದು ಜೋಡಿ ಇಳಿಸಿ ಕೊಟ್ಟ. ಕರ್ರಗೆ ಮಿರಿಮಿರಿ ಮಿಂಚುತ್ತಿದ್ದವು. ನೆಲ ಕಚ್ಚುವ ಹಲ್ಲುಗಳು ಒಂದಿಷ್ಟೂ ಸವೆದಿರಲಿಲ್ಲ. ಕಾಶೀಂಸಾಬ ಹಲ್ಲಿನ ಸಂದಿಗೆ ಬೆರಳಿಟ್ಟು ಆಳ ನೋಡಿದ. ಎತ್ತಿ ನೆಲಕ್ಕೆ ಕುಕ್ಕಿದ. ಲಾರಿಯವನಿಗೆ ಅಷ್ಟೇ ಗೊತ್ತು: ಓಡಿದ ಟೈರು ಸವೆಯುತ್ತದೆ, ಸವೆಯದ್ದು ಓಡಿಲ್ಲ, ಓಡದ್ದು ಹೊಸದು. ಸಂಜೆ ರಾಜಮಾಳನ್ನು ಕರೆದು, "ನೋಡ, ನಿನ್ನ ಮನಿಗೆ ಹೊಸಾ ಬುನಾದಿ ಹಾಕೇನಿ" ಎಂದು ತೋರಿಸಿದ. ಅವಳು ಗಾಲಿಯ ಮೇಲೆ ಕೈಯಾಡಿಸಿ, ಅಂಗೈಗೆ ಹತ್ತಿದ ಕರಿ ನೋಡಿ ನಕ್ಕಳು.

ಆ ವರ್ಷ ಮಳೆಗಾಲದುದ್ದಕ್ಕೂ ಕಂಪನಿ ನರಗುಂದದಲ್ಲೇ ಮೊಕ್ಕಾಂ ಮಾಡಿತು. ಎರೆಮಣ್ಣಿನಲ್ಲಿ ಗಾಡಿ ಹೂತುಹೋಗುವುದರಿಂದ ಮಳೆಗಾಲದಲ್ಲಿ ಊರು ಬದಲಿಸುವಂತಿರಲಿಲ್ಲ. ಡಬ್ಬಿ ತನ್ನ ಹೊರೆಯನ್ನೆಲ್ಲ ಹೊತ್ತು ಕೆಸರಿನಲ್ಲಿ ನಿಂತೇ ಇತ್ತು. ಆಮೇಲೆ ಬಿಸಿಲು. ಯಾರೂ ಗಾಲಿಯ ಕಡೆ ನೋಡಲಿಲ್ಲ. ನೋಡಿದ್ದರೂ ಹಲ್ಲುಗಳು ಹಾಗೇ ಇದ್ದವು.

ಐವತ್ತನಾಲ್ಕರ ಬೇಸಿಗೆಯಲ್ಲಿ ಕಂಪನಿ ಗಜೇಂದ್ರಗಡದ ಆಟ ಮುಗಿಸಿ ರೋಣಕ್ಕೆ ಹೊರಟಿತು. ಬೆಳಗಿನ ತಂಪಿನಲ್ಲೇ ಹೊರಡಬೇಕೆಂದಿದ್ದರೂ ರಂಗದ ಹಲಗೆ ಬಿಚ್ಚುವುದು ತಡವಾಯಿತು. ಲಾರಿಯಲ್ಲಿ ಹಿಡಿಸದ ಹಲಗೆಗಳನ್ನು ಡಬ್ಬಿಯೊಳಗೆ ಹಾಕಿದರು. ರಾಜಮಾ ಮತ್ತು ಮಾನವ್ವ ಅದರ ಮೇಲೆಯೇ ಚಾಪೆ ಹಾಸಿಕೊಂಡು ಕೂತರು. ಮುನೀರಾ ಅಪ್ಪನ ಪಕ್ಕದಲ್ಲೇ ಕೂರುತ್ತೇನೆಂದು ಅತ್ತಳು. ಕಾಶೀಂಸಾಬ ಅವಳನ್ನು ಎತ್ತಿ ಮುಂದೆ ಕೂರಿಸಿಕೊಂಡ.

ಪುರ್ತಗೇರಿ ದಾಟಿ ಹಳ್ಳದ ಏರಿಯ ಮೇಲೆ ಹೋಗುವಾಗ ಹಿಂದೆ ಬಂದೂಕು ಹಾರಿಸಿದಂಥ ಸಪ್ಪಳವಾಯಿತು. ಅವನ ಕೈಯಲ್ಲಿದ್ದ ಸ್ಟೇರಿಂಗು ಸ್ವಲ್ಪವೇ ಅಲುಗಿತು. ಲಾರಿಗೆ ಏನೂ ಆಗಲಿಲ್ಲ. ಬ್ರೇಕು ಒತ್ತುವಷ್ಟರಲ್ಲಿ ಕೊಂಡಿ ಮುರಿದ ಸದ್ದು. ಅವನು ಇಳಿದು ಓಡಿದಾಗ ದಾರಿಯ ಮೇಲೆ ಡಬ್ಬಿಯೇ ಇರಲಿಲ್ಲ. ಕೆಳಗೆ ಒಣಹಳ್ಳದ ಕಲ್ಲುಗಳ ಮೇಲೆ ಅಡಿಮೇಲಾಗಿ ಬಿದ್ದಿತ್ತು. ಒಂದು ಗಾಲಿ ಇನ್ನೂ ತಿರುಗುತ್ತಿತ್ತು. ಇನ್ನೊಂದರ ಟೈರು ಚಿಂದಿಯಾಗಿ ರಿಮ್ಮಿಗೆ ಜೋತುಬಿದ್ದಿತ್ತು.

ಹೊಲದಲ್ಲಿದ್ದವರು ಓಡಿಬಂದು ಹಲಗೆ ಕಿತ್ತರು. ಮಾನವ್ವನ ಹೆಗಲ ಎಲುಬು ಮುರಿದಿತ್ತು. ಕನ್ನಡಿಯ ಚೂರು ಅವಳ ಕೆನ್ನೆಯನ್ನು ಹಣೆಯವರೆಗೆ ಸೀಳಿತ್ತು. ರಾಜಮಾಳ ಮೇಲೆ ರಂಗದ ಹಲಗೆಗಳಷ್ಟೂ ಬಿದ್ದಿದ್ದವು. ಅವಳಿಗೆ ಪ್ರಜ್ಞೆಯಿತ್ತು. "ಹುಡುಗಿ ಎಲ್ಲೈತಿ?" ಎಂದಳು. "ಮುಂದ ಕೂತೈತಿ, ಏನಾಗಿಲ್ಲ" ಎಂದ ಕಾಶೀಂಸಾಬ. ರೋಣದ ದವಾಖಾನೆಗೆ ಲಾರಿ ಹೊಡೆದ. ದಾರಿಯಲ್ಲಿ ಹಿಂದಿನಿಂದ ಗಂಡಸರು ತಗಡು ಬಡಿದು, ಇನ್ನು ಸಾವಕಾಶ ಹೋಗು ಎಂದರು. ಅಷ್ಟಕ್ಕೇ ಅವನಿಗೆ ತಿಳಿಯಿತು. ಆದರೂ ದವಾಖಾನೆಯ ಬಾಗಿಲವರೆಗೆ ಅದೇ ವೇಗದಲ್ಲಿ ಹೋದ.

ಮಣ್ಣು ಗಜೇಂದ್ರಗಡದಲ್ಲಾಯಿತು. ಬಂದವರೆಲ್ಲ ಹೋದ ಮೇಲೆ ಖಾಜಾಬಿ ಅಳಿಯನನ್ನು ಒಳಗೆ ಕರೆದಳು. ಅತ್ತು ಅತ್ತು ಅವಳ ದನಿ ಹೋಗಿತ್ತು.

"ಆ ಗಾಲಿ ಯಾರು ತಂದಿದ್ರು?"

"ನಾನ ತಂದಿದ್ದೆ, ಖಾಲಾ."

"ನೋಡಿ ತಂದಿದ್ದಿ?"

"ನೋಡಿ ತಂದಿದ್ದೆ."

ಖಾಜಾಬಿ ಮುನೀರಾಳನ್ನು ತೊಡೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಅಂದಿನಿಂದ ಅವಳು ಅವನ ಜೊತೆ ನೇರವಾಗಿ ಮಾತಾಡಲಿಲ್ಲ. ಹೇಳುವುದಿದ್ದರೆ ಹುಡುಗಿಗೆ ಹೇಳುವಳು: "ನಿಮ್ಮಪ್ಪಗ ಊಟಕ್ಕ ಬಾ ಅನ್ನು."

ಫೌಜದಾರರು ಬಂದು ಪಂಚನಾಮೆ ಮಾಡಿದರು. ರೋಣದ ಕೋರ್ಟಿನಲ್ಲಿ ಅವನನ್ನು ನಿಲ್ಲಿಸಿ ಕೇಳಿದಾಗ, ಟೈರು ಆರಿಸಿದವನು ತಾನೇ, ಹಲಗೆ ಒಳಗೆ ಹಾಕಲು ಬಿಟ್ಟವನೂ ತಾನೇ ಎಂದ. ಜಡ್ಜ್ ಸಾಹೇಬರು, ಗಾಲಿ ಒಡೆಯುವುದು ಯಾರ ಕೈಯಲ್ಲೂ ಇಲ್ಲ, ವೇಗವಾಗಿ ಹೋಗುತ್ತಿರಲಿಲ್ಲವೆಂದು ಸಾಕ್ಷಿದಾರರು ಹೇಳಿದ್ದಾರೆ ಎಂದು ಬಿಟ್ಟುಬಿಟ್ಟರು. ಕಾಶೀಂಸಾಬ ಹೊರಗೆ ಬಂದು ಕಟ್ಟೆಯ ಮೇಲೆ ಬಹಳ ಹೊತ್ತು ಕೂತ. ಜೇಲಿಗೆ ಹೋಗಲು ತಯಾರಾಗಿ ಎರಡು ಅಂಗಿ ಗಂಟು ಕಟ್ಟಿಕೊಂಡು ಬಂದಿದ್ದ.

ಮುರಿದ ಡಬ್ಬಿಯನ್ನು ಎತ್ತಿನ ಜೋಡಿಗಳಿಂದ ಎಳೆಸಿ ಗಜೇಂದ್ರಗಡದ ಬಡಿಗನ ಅಂಗಳಕ್ಕೆ ತಂದಿದ್ದರು. ಒಂದು ದಿನ ಕಾಶೀಂಸಾಬ ಅಲ್ಲಿಗೆ ಹೋಗಿ ಒಡೆಯದೆ ಉಳಿದಿದ್ದ ಟೈರನ್ನು ಬಿಚ್ಚಿದ. ಹಲ್ಲುಗಳು ಇನ್ನೂ ಬೆರಳಿನ ಆಳ. ಟೈರಿನ ಪಕ್ಕದ ಗೋಡೆಯನ್ನು, ಆ ಬಗಲನ್ನು, ಮೊಳಕಾಲಿನಿಂದ ಒತ್ತಿ ಬಗ್ಗಿಸಿದ. ಕರಿ ಬಣ್ಣದ ಹೊಪ್ಪಳಿಕೆ ಎದ್ದು, ಅದರಡಿಯಲ್ಲಿ ಬೇಸಿಗೆಯ ಎರೆಹೊಲದಂತೆ ಬಿರುಕುಗಳು ಬಾಯಿಬಿಟ್ಟವು. ಚಾಕುವಿನಿಂದ ಸೀಳಿದ. ರಬ್ಬರಿನ ಒಳಗೆ ಪದರ ಪದರವಾಗಿ ಹತ್ತಿಯ ದಾರ. ಅದನ್ನು ಹಿರಿದು ಎರಡು ಬೆರಳಲ್ಲಿ ಹಿಡಿದು ಎಳೆದ. ಪುಸ್ಸೆಂದು ತುಂಡಾಯಿತು. ಇನ್ನೊಂದು ಎಳೆದ. ಅದೂ ಹಾಗೇ.

ನೇಕಾರನ ಮಗನಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಗ್ಗಿದ ನೂಲು. ನೀರು ಕುಡಿದು, ಬಿಸಿಲು ಕುಡಿದು, ಕೂತಲ್ಲೇ ಸತ್ತ ನೂಲು. ಇಂಥದ್ದನ್ನು ಅವನಪ್ಪ ಕತ್ತಲಲ್ಲೂ ಮುಟ್ಟಿಯೇ ಗುರುತಿಸಿ ಎತ್ತಿ ಎಸೆಯುತ್ತಿದ್ದ. ತಾನು ಹೊರಗಿನ ರಬ್ಬರು ನೋಡಿದ್ದ, ಒಳಗೆ ನೂಲಿದೆ ಎಂಬುದನ್ನೇ ಮರೆತಿದ್ದ. ಆ ಅಂಗಳದಲ್ಲಿ ಕೂತು ಅವನು ದಾರಗಳನ್ನು ಒಂದೊಂದಾಗಿ ಎಳೆಯುತ್ತಲೇ ಇದ್ದ. ಕೊನೆಗೆ ಬಡಿಗ ಬಂದು ಕೈಯಿಂದ ಚಾಕು ತೆಗೆದುಕೊಂಡ.

ಮಳೆ ಮುಗಿದ ಮೇಲೆ ಅಂದಾನೆಪ್ಪ ಬಂದ. ಅವನ ಹಿಂದೆ ಮಾನವ್ವ. ಅವಳ ಎಡಗೈ ಇನ್ನೂ ಮೇಲೇಳುತ್ತಿರಲಿಲ್ಲ. ಕೆನ್ನೆಯ ಗಾಯ ಮಾಗಿ ತುಟಿಯ ತುದಿಯನ್ನು ಮೇಲಕ್ಕೆ ಎಳೆದಿತ್ತು. ಸುಮ್ಮನಿದ್ದರೂ ನಗುತ್ತಿರುವಂತೆ ಕಾಣುತ್ತಿದ್ದಳು.

"ಬಡಿಗ ಡಬ್ಬಿ ರಿಪೇರಿ ಮುಗಿಸ್ಯಾನ," ಅಂದಾನೆಪ್ಪ ಹೇಳಿದ. "ಮಖಮಲ್ ಪರದೆ ಮಾರಿ ಟೈರಿಗೆ ರೊಕ್ಕ ಹೊಂದಿಸೇನಿ. ನೀನ ಹೋಗಿ ಆರಿಸಿಕೊಂಡು ಬರಬೇಕು ಕಾಶೀಂ."

"ನನಗ ಹೇಳಬ್ಯಾಡ್ರಿ, ಮಾಲಕರ. ನಾ ಆರಿಸಿದ್ದು ಏನಾತು ಅಂತ ಕಂಡೀರಲ್ಲ."

ಮಾನವ್ವ ಮಾತಾಡಿದಳು. "ನಾ ಎಲ್ಲಿಗೆ ಹೋಗಲಿ ಅಣ್ಣಾ? ಈ ಮಾರಿ ನೋಡಿ ನನಗ ಯಾರು ಮನಿ ಕೊಡತಾರ? ನನಗಿರೂದು ಅದೊಂದ ಡಬ್ಬಿ. ಬ್ಯಾರೆ ಡ್ರೈವರ್ ಬಂದ್ರ ಅವ ಹಲ್ಲು ನೋಡಿ ತರತಾನ. ನಿನಗ ಈಗ ಅಂಜಿಕಿ ಐತಿ. ಅಂಜಿದವನು ಆರಿಸಿದ್ದರ ಮ್ಯಾಲೆ ನಾ ಕೂಡತೀನಿ."

ಅವನು ಮೊದಲು ನಜೀರಸಾಬನ ಅಂಗಡಿಗೇ ಹೋದ. ನಜೀರಸಾಬ ಅವನನ್ನು ಕಂಡು ಎದ್ದು ನಿಂತ. ಚಹಾ ತರಿಸುತ್ತೇನೆಂದ. ಕಾಶೀಂಸಾಬ ರಾಶಿಯಿಂದ ಒಂದೊಂದೇ ಟೈರು ಇಳಿಸಿ ಬಗಲು ಬಗ್ಗಿಸಿ ನೋಡತೊಡಗಿದ. ಕೆಲವು ಬಿರಿದವು. ಕೆಲವು ಬಿರಿಯಲಿಲ್ಲ. ಅವನ ಕೈ ಮೊಳಕೈವರೆಗೆ ಕರ್ರಗಾಯಿತು.

"ಅವಕ್ಕ ಬಣ್ಣಾ ಹಚ್ಚಿದ್ದೇನು?"

"ಎಲ್ಲಾರೂ ಹಚ್ಚತಾರಪಾ. ಬಿಸಲಾಗ ಬೆಳ್ಳಗಾಗತಾವ, ಗಿರಾಕಿ ಮುಟ್ಟಂಗಿಲ್ಲ. ಒಳಗ ಹಂಗಿತ್ತಂತ ನನಗೂ ಗೊತ್ತಿದ್ದಿಲ್ಲ. ದೇವರಾಣಿ."

"ಗೊತ್ತಿದ್ದಿಲ್ಲ ಅಂತ ನನಗೂ ಗೊತ್ತೈತಿ."

"ನಿನಗ ಬೇಕಾದ ಜೋಡಿ ಒಯ್ಯಿ. ಪುಕ್ಕಟ ಒಯ್ಯಿ. ಬಿರೀಲಾರದ್ದು ನೀನ ನೋಡಿ ತಗೋ."

ಕಾಶೀಂಸಾಬ ಕೊನೆಯ ಟೈರನ್ನು ಅದು ಇದ್ದ ಜಾಗದಲ್ಲೇ ಇಟ್ಟ. ಬಂದಾಗ ಈ ಮನುಷ್ಯನ ಕುತ್ತಿಗೆ ಹಿಡಿಯಬೇಕೆಂದು ಬಂದಿದ್ದ. ಈಗ ಇವನೂ ತನ್ನಂತೆಯೇ ಹಲ್ಲು ನೋಡಿ ಕೊಂಡವನು, ಹಲ್ಲು ತೋರಿಸಿ ಮಾರಿದವನು ಅನಿಸಿತು. "ಬಿರೀಲಾರದ್ದರ ಒಳಗ ಏನೈತೋ ಯಾರು ಕಂಡಾರ" ಎಂದು ಹೇಳಿ ರಸ್ತೆಗೆ ಇಳಿದ. ಅವರಿಬ್ಬರ ನಡುವೆ ಆಮೇಲೆ ಆಸಾಮದ ಮಾತು ಬರಲಿಲ್ಲ.

ಹೊಸ ಟೈರು ಬೇಕೆಂದರೆ ಹುಬ್ಬಳ್ಳಿಗೇ ಹೋಗಬೇಕು. ಅಂದಾನೆಪ್ಪನೂ ಜೊತೆಗೆ ಬಂದ. ದೊಡ್ಡ ಅಂಗಡಿ. ಹೊರಗೆ ಬಿಸಿಲಲ್ಲಿ ಮಾಲೆಯಂತೆ ಟೈರುಗಳನ್ನು ತೂಗುಹಾಕಿದ್ದರು. ಅಂಗಡಿಯವನು ವಿಷಯ ಕೇಳಿ ಅಂದಾನೆಪ್ಪನ ಕಡೆ ತಿರುಗಿದ.

"ಹಿಂದ ಜಗ್ಗಿಸಿಕೊಂಡು ಬರೂ ಗಾಡಿಗೆ ಹೊಸಾವು ಯಾಕ್ರಿ ಸಾವಕಾರ್ರ? ಹೊಸಾವು ಲಾರಿಗೆ ಹಾಕ್ರಿ. ಲಾರೀವು ಬಿಚ್ಚಿ ಹಿಂದಿನದಕ್ಕ ಹಾಕ್ರಿ. ಅಳತಿ ಒಂದ ಐತಿ. ಎಲ್ಲಾರೂ ಹಂಗ ಮಾಡತಾರ."

ಅಂದಾನೆಪ್ಪನಿಗೆ ಅದು ಸರಿಯೆನಿಸಿತು. ಅವನು ಕಾಶೀಂಸಾಬನ ಮುಖ ನೋಡಿದ.

"ಇಲ್ರಿ," ಎಂದ ಕಾಶೀಂಸಾಬ. "ಲಾರಿ ಗಾಲಿ ಒಡದ್ರ ನನ್ನ ಕೈಯಾಗ ಸ್ಟೇರಿಂಗ್ ಇರತೈತಿ. ಹೆಂಗರೆ ಮಾಡಿ ನಿಂದರಸ್ತೀನಿ. ಡಬ್ಬ್ಯಾಗ ಕೂತವರ ಕೈಯಾಗ ಏನೂ ಇರಂಗಿಲ್ಲ. ಚಲೋ ಗಾಲಿ ಅವರಿಗೆ ಬೇಕು."

ಅಂಗಡಿಯವನು ಹೊರಗೆ ತೂಗುಹಾಕಿದ್ದ ಜೋಡಿಯೊಂದನ್ನು ಇಳಿಸಲು ಹೋದ. ಅದು ಬೇಡ ಎಂದ ಕಾಶೀಂಸಾಬ. ಒಳಗೆ ಕತ್ತಲಲ್ಲಿರುವುದು, ಕಾಗದ ಸುತ್ತಿದ್ದು ಬಿಚ್ಚದೇ ಇರುವುದು ಬೇಕೆಂದ. ಯಾವಾಗ ಬಂದ ಮಾಲು, ಎಷ್ಟು ದಿನ ಕೂತಿದೆ ಎಂದು ಕೇಳಿದ. ಅಂಗಡಿಯವನಿಗೆ ಬೇಸರ ಬಂತು. ಅದೂ ಇದೂ ಒಂದೇ ಕಾರಖಾನೆಯದು ಎಂದ. ಅವನು ಕದಲಲಿಲ್ಲ. ಕೊನೆಗೆ ಹಮಾಲನೊಬ್ಬ ಗೋದಾಮಿನಿಂದ ಹೊಸದಾಗಿ ಬಂದ ಜೋಡಿಯನ್ನು ಉರುಳಿಸಿಕೊಂಡು ಬಂದ. ಕಾಶೀಂಸಾಬ ನೆಲಕ್ಕೆ ಕೂತು ಕಾಗದ ಬಿಚ್ಚಿದ. ಹಲ್ಲನ್ನು ನೋಡಲೇ ಇಲ್ಲ. ಒಳಗೆ ಕೈ ಹಾಕಿ ಸುತ್ತಲೂ ಸವರಿದ. ಬಗಲು ಬಗ್ಗಿಸಿದ. ಎಷ್ಟು ಭಾರ ಹೊರುತ್ತದೆ ಎಂದು ಕೇಳಿ, ಲಾರಿಯ ಟೈರುಗಳಲ್ಲೇ ಹೆಚ್ಚು ಪದರದ್ದು ಅದೆಂದು ಖಾತ್ರಿ ಮಾಡಿಕೊಂಡ. ಅಂದಾನೆಪ್ಪ ಸ್ಟೂಲಿನ ಮೇಲೆ ಕೂತು ಅದನ್ನೆಲ್ಲ ನೋಡುತ್ತಿದ್ದ. ಅವನ ಕಣ್ಣು ತುಂಬಿ ಬಂತು. ಬೇರೆ ಕಡೆ ನೋಡಿದ.

ಟೈರು ಹಾಕಿದ ಮೇಲೆ ಕಾಶೀಂಸಾಬ ಇನ್ನೊಂದು ಷರತ್ತು ಹೇಳಿದ. ಡಬ್ಬಿಯೊಳಗೆ ಮನುಷ್ಯರು ಮತ್ತು ಅವರ ಹಾಸಿಗೆ ಬಿಟ್ಟರೆ ಒಂದು ಹಲಗೆಯೂ, ಒಂದು ಪೆಟ್ಟಿಗೆಯೂ ಹೋಗಬಾರದು. ಅಂದಾನೆಪ್ಪ ಒಪ್ಪಿದ. ಹಲಗೆಗಳಿಗೆ ಬಾಡಿಗೆ ಚಕ್ಕಡಿ ಹೂಡಿದರು.

ಪುರ್ತಗೇರಿಯ ಹಳ್ಳ ಮತ್ತೆ ಬಂದಾಗ ಅವನು ಏರಿಯ ಈಚೆಗೇ ಲಾರಿ ನಿಲ್ಲಿಸಿದ. ಇಳಿದು ಹಿಂದೆ ಹೋಗಿ ಗಾಲಿಗಳನ್ನು ನೋಡಿದ. ಮತ್ತೆ ಹತ್ತಿ ಕೂತ. ಕೈ ಗೇರಿನ ಮೇಲೆ ಹೋಗಲೊಲ್ಲದು. ಹಿಂದೆ ಮಾನವ್ವ ತಗಡು ಬಡಿದಳು. "ಹೋಗೂಣು ನಡಿ ಅಣ್ಣಾ. ಬಿಸಲು ಏರತೈತಿ."

ಲಾರಿ ಏರಿಯ ಮೇಲೆ ಹೋಯಿತು. ಡಬ್ಬಿ ಹಿಂದೆ ಬಂತು. ಏನೂ ಆಗಲಿಲ್ಲ. ರೋಣ ತಲುಪಿದ ಮೇಲೆ ಎಲ್ಲರೂ ಇಳಿದು ಸಾಮಾನು ಇಳಿಸತೊಡಗಿದರೂ ಕಾಶೀಂಸಾಬ ತನ್ನ ಸೀಟಿನಲ್ಲೇ ಕೂತಿದ್ದ. ಆ ದಾರಿ, ಆ ಬಿಸಿಲು, ಆ ಏರಿ ಎಲ್ಲ ಅದೇ ಇತ್ತು. ಚಲೋ ಗಾಲಿ ಇದ್ದರೆ ದಾಟಬಹುದಾದ ದಾರಿ. ಇಂದೂ ಒಡೆದಿದ್ದರೆ ಅದನ್ನು ಹಣೆಬರಹ ಎನ್ನಬಹುದಿತ್ತು. ಒಡೆಯಲಿಲ್ಲ.

ಅದರ ನಂತರ ಅವನು ಕಂಪನಿಯ ಜೊತೆ ಕೆಲವು ವರ್ಷ ತಿರುಗಿದ. ಕಡಿಮೆ ಮಾತಿನವನಾದ. ಊರು ಸೇರಿದ ಕೂಡಲೇ ಡಬ್ಬಿಗೆ ಜಾಕು ಕೊಟ್ಟು, ಅಚ್ಚಿನ ಕೆಳಗೆ ಕಲ್ಲು ಪೇರಿಸಿ, ಗಾಲಿಗಳನ್ನು ನೆಲದಿಂದ ಎತ್ತಿಸುವನು. ಬಿಸಿಲು ಬೀಳದಂತೆ ಗೋಣಿತಟ್ಟು ಹೊದಿಸುವನು. ಕಂಪನಿಯ ಹುಡುಗರು ಮೊದಮೊದಲು ನಕ್ಕರು. ಆಮೇಲೆ ರೂಢಿಯಾಯಿತು. ಹಲ್ಲು ಇನ್ನೂ ಗಟ್ಟಿಯಿರುವಾಗಲೇ ಒಮ್ಮೆ ಆ ಜೋಡಿಯನ್ನೂ ಬದಲಿಸಬೇಕೆಂದು ಹಟ ಹಿಡಿದ. ಅಂದಾನೆಪ್ಪ ಎರಡು ದಿನ ಮಾತು ಬಿಟ್ಟ, ಮೂರನೆಯ ದಿನ ಬದಲಿಸಿದ. ಒಂದು ಸಲವೂ ದಾರಿಯಲ್ಲಿ ಡಬ್ಬಿಯ ಗಾಲಿ ಕೈಕೊಡಲಿಲ್ಲ. ಅದಕ್ಕೆ ಯಾರಾದರೂ ಅವನನ್ನು ಹೊಗಳಿದರೆ ಎದ್ದು ಹೋಗುತ್ತಿದ್ದ.

ಮಾನವ್ವನಿಗೆ ಮುಖ್ಯ ಪಾತ್ರ ಮತ್ತೆ ಸಿಗಲಿಲ್ಲ. ದಪ್ಪ ಬಣ್ಣ ಬಳಿದುಕೊಂಡು ಮುದುಕಿಯ ಪಾತ್ರ ಮಾಡಿದಳು. ಆ ತುಟಿಯಿಂದಾಗಿ ಅಳುವ ದೃಶ್ಯದಲ್ಲಿ ಜನ ನಗುತ್ತಿದ್ದರು. ಐವತ್ತೇಳರ ಚಳಿಗಾಲದಲ್ಲಿ ಹೊಳೆಆಲೂರಿನಲ್ಲಿ ಜ್ವರ ಬಂದು ಡಬ್ಬಿಯೊಳಗೇ ತೀರಿಕೊಂಡಳು. ಕೊನೆಗೆ ನೀರು ಕುಡಿಸಿದವನು ಕಾಶೀಂಸಾಬ.

ಊರೂರಿಗೆ ಸಿನಿಮಾ ಡೇರೆಗಳು ಬಂದು ಅಂದಾನೆಪ್ಪನ ಕಂಪನಿ ಕುಂಟತೊಡಗಿತ್ತು. ಮಾನವ್ವ ಹೋದ ಎರಡು ವರ್ಷಕ್ಕೆ ಅವನು ನರಗುಂದದಲ್ಲಿ ಎಲ್ಲವನ್ನೂ ಬಿಡಿಬಿಡಿಯಾಗಿ ಮಾರಿದ. ಡಬ್ಬಿಯನ್ನು ರಸ್ತೆ ಕೆಲಸದ ಗುತ್ತಿಗೆದಾರನೊಬ್ಬ ಕೊಂಡ. ಕಲ್ಲು ಒಡೆಯುವ ಹೆಣ್ಣಾಳುಗಳು ಇರುವುದಕ್ಕೆ ಅವನಿಗೆ ಒಂದು ಮನೆ ಬೇಕಾಗಿತ್ತು. ಕಾಶೀಂಸಾಬ ಗಜೇಂದ್ರಗಡಕ್ಕೆ ಹೋಗಿ ಅಪ್ಪನ ಮಗ್ಗಕ್ಕೆ ಕೂರುವುದೆಂದು ತೀರ್ಮಾನಿಸಿದ್ದ. ಮುನೀರಾ ಅಲ್ಲಿ ಅಜ್ಜಿಯ ಜೊತೆ ನೂಲು ಸುತ್ತುತ್ತಿದ್ದಳು. ತಿಂಗಳಿಗೊಮ್ಮೆ ಬರುವ ಅಪ್ಪನನ್ನು ನೆಂಟರಂತೆ ದೂರದಿಂದ ಮಾತಾಡಿಸುತ್ತಿದ್ದಳು.

ಡಬ್ಬಿ ಒಯ್ಯಲು ಗುತ್ತಿಗೆದಾರ ಟ್ರ್ಯಾಕ್ಟರು ತಂದ. ಕಾಶೀಂಸಾಬ ಅವನಿಗೆ ಗಾಲಿಗಳ ವಿಷಯ ಹೇಳಿದ: ನಿಂತಾಗ ಕಲ್ಲು ಕೊಡಬೇಕು, ಬಿಸಿಲಿಗೆ ಬಿಡಬಾರದು, ಹಲ್ಲು ನೋಡಿ ನಂಬಬಾರದು. ಗುತ್ತಿಗೆದಾರ ಬೀಡಿ ಹಚ್ಚುತ್ತ ಹೂಂ ಹೂಂ ಎಂದ. ಅವನ ಕಣ್ಣು ಕೊಂಡಿ ಸಿಕ್ಕಿಸುವವನ ಮೇಲಿತ್ತು. ಅಷ್ಟರಲ್ಲಿ ಹೆಣ್ಣಾಳುಗಳು ಗಂಟುಗಳ ಸಮೇತ ಹತ್ತತೊಡಗಿದರು. ಬುಟ್ಟಿ, ಸುತ್ತಿಗೆ, ಕಬ್ಬಿಣದ ಹಾರೆ ಎಲ್ಲವೂ ಒಳಗೆ ಹೋದವು.

ಕಾಶೀಂಸಾಬ ಬಾಗಿಲ ಬಳಿ ಹೋಗಿ ಕೂಸು ಎತ್ತಿಕೊಂಡಿದ್ದ ಒಬ್ಬಳಿಗೆ ಹೇಳಿದ. "ಅವ್ವಾ, ಹಾರಿ ಸುತಗಿ ಟ್ರ್ಯಾಕ್ಟರ್ ಮ್ಯಾಲೆ ಹಾಕಸ್ರಿ. ಭಾರ ಭಾಳ ಆಗತೈತಿ. ಮಳಿಗಾಲದಾಗ ನಿಂತ್ರ ಗಾಲಿ ಎತ್ತಿಡಸ್ರಿ, ಮರೀಬ್ಯಾಡ್ರಿ."

ಅವಳು ಅವನನ್ನು ನೋಡಿದಳು. ಅವನು ಹೇಳಿದ್ದು ಅವಳಿಗೆ ತನಗೆ ಸಂಬಂಧಿಸಿದ ಮಾತು ಅನಿಸಿದಂತಿರಲಿಲ್ಲ.

"ಮ್ಯಾಲಿನ ತಗಡು ಸೋರತೈತೇನ್ರಿ?" ಎಂದು ಕೇಳಿದಳು.

"ಇಲ್ಲವ್ವ. ಸೋರಂಗಿಲ್ಲ."

ಅವಳು ಸಮಾಧಾನದಿಂದ ಕೂಸನ್ನು ಒಳಗೆ ಹಲಗೆಯ ಮೇಲೆ ಮಲಗಿಸಿ ತಾನೂ ಹತ್ತಿದಳು. ಹಾರೆ, ಸುತ್ತಿಗೆ ಒಳಗೇ ಇದ್ದಂತೆ ಟ್ರ್ಯಾಕ್ಟರು ಹೊರಟಿತು. ಕಾಶೀಂಸಾಬ ಸ್ವಲ್ಪ ದೂರ ಅದರ ಪಕ್ಕದಲ್ಲಿ ನಡೆದ. ರೋಣದ ದಾರಿಗೆ ತಿರುಗಿದ ಮೇಲೆ ಅದು ವೇಗ ಹಿಡಿಯಿತು.